ಕಾಸರಗೋಡು ಪೇಟೆಯ ಜಾಗದ ದಾಖಲೆಗೆ ಬ್ಲಾಕ್‌ಚೈನ್ ಬಂದರೆ ನಿಜವಾಗಿ ಪ್ರಯೋಜನ ಉಂಟಾ?

ತಾಳಿಪಡ್ಪು_ಮನೆ
ಎಲ್ಲರಿಗೂ ನಮಸ್ಕಾರ. ಪೇಟೆಯಲ್ಲಿ ತೀರಿಹೋದ ತಂದೆಯ ಹೆಸರಲ್ಲಿ ಒಂದು ಜಾಗ ಉಂಟು. ಮಾರಬೇಕು ಅಂತ ಅಣ್ಣ ತಮ್ಮಂದಿರು, ಅಕ್ಕ ಎಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಒಬ್ಬ ತಮ್ಮ ದುಬೈಯಲ್ಲಿ, ಅಕ್ಕ ಪುತ್ತೂರಲ್ಲಿ. ತಗೊಳ್ಳುವವರು ಸಿಕ್ಕಿದ್ದಾರೆ, ಆದರೆ ಅವರ ಬ್ಯಾಂಕಿನವರು ಒಪ್ಪುತ್ತಿಲ್ಲ. ಆಧಾರದಲ್ಲಿ, ಅಂದರೆ ನೋಂದಣಿ ಆದ ಜಾಗದ ಪತ್ರದಲ್ಲಿ, 11 ಸೆಂಟ್ಸ್ ಅಂತ ಉಂಟು. ರೀಸರ್ವೆ (ಮರು ಅಳತೆ) ಆದ ಮೇಲೆ ವಿಲೇಜ್ ದಾಖಲೆಯಲ್ಲಿ 4.21 ಆರ್, ಅಂದರೆ ಸುಮಾರು 10.4 ಸೆಂಟ್ಸ್. ಅಜ್ಜನ ಕಾಲದ ಮುನ್ನಾಧಾರ (ಇದಕ್ಕೆ ಹಿಂದಿನ ಆಧಾರ) ಕನ್ನಡದಲ್ಲಿದೆ, ನಾವು ಕೇರಳಕ್ಕೆ ಸೇರುವ ಮುಂಚಿನದ್ದು. ತೆರಿಗೆ ರಶೀದಿಯಲ್ಲಿ ತಂದೆಯ ಹೆಸರು ಬೇರೆ ರೀತಿ ಬಂದಿದೆ. ಒಂದು ಆಫೀಸಿನವರು ಇನ್ನೊಂದು ಆಫೀಸಿಗೆ ಹೋಗಿ ಅನ್ನುತ್ತಾರೆ, ಅಲ್ಲಿಯವರು ವಾಪಸ್ ಇಲ್ಲಿಗೇ ಕಳಿಸುತ್ತಾರೆ.

ಭೂದಾಖಲೆಗೆ ಬ್ಲಾಕ್‌ಚೈನ್ ಬಳಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಓದಿದೆ. ಅದು ಬಂದರೆ ನಮ್ಮಂಥವರ ತೊಂದರೆ ತಪ್ಪುತ್ತದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕುಂಬಳೆ_ಕೋಡರ್
ಖಂಡಿತ ಪ್ರಯೋಜನ ಉಂಟು. ನಾನು ಬೆಂಗಳೂರಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾವುದೇ ಕಡತವನ್ನು, ಉದಾಹರಣೆಗೆ ಸ್ಕ್ಯಾನ್ ಮಾಡಿದ ಆಧಾರವನ್ನು, ಒಂದು ಲೆಕ್ಕಕ್ಕೆ ಹಾಕಿದರೆ ಒಂದು ಹ್ಯಾಶ್ ಬರುತ್ತದೆ. ಎಸ್‌ಎಚ್‌ಎ-256 ಅನ್ನುವ ವಿಧಾನದಲ್ಲಾದರೆ 64 ಅಕ್ಷರ-ಅಂಕಿಗಳ ಒಂದು ಸಾಲು. ಹೆಬ್ಬೆರಳ ಗುರುತಿನ ಹಾಗೆ, ಆ ಕಡತಕ್ಕೆ ಅದೊಂದೇ. ಆಧಾರದಲ್ಲಿ 11 ಇದ್ದದ್ದನ್ನು ಯಾರಾದರೂ 12 ಮಾಡಿದರೆ ಹ್ಯಾಶ್ ಪೂರ್ತಿ ಬೇರೆ ಆಗುತ್ತದೆ. ಬ್ಲಾಕ್‌ಚೈನ್ ಅಂದರೆ ದಾಖಲೆಗಳನ್ನು ಬ್ಲಾಕ್ ಅನ್ನುವ ಕಂತೆಗಳಾಗಿ ಸರಪಳಿಯ ಹಾಗೆ ಜೋಡಿಸಿ, ಹಲವರ ಕಂಪ್ಯೂಟರಿನಲ್ಲಿ ಪ್ರತಿ ಇಡುವುದು; ಅದರಲ್ಲಿ ಪ್ರತಿ ಬ್ಲಾಕೂ ಹಿಂದಿನ ಬ್ಲಾಕಿನ ಹ್ಯಾಶನ್ನು ಹೊತ್ತುಕೊಂಡಿರುತ್ತದೆ. ಹಾಗಾಗಿ ಹತ್ತು ವರ್ಷ ಹಿಂದಿನ ಒಂದು ನಮೂದನ್ನು ತಿದ್ದಬೇಕಾದರೆ ಅಲ್ಲಿಂದ ಇಲ್ಲಿಯವರೆಗಿನ ಎಲ್ಲವನ್ನೂ, ಅದೂ ಪ್ರತಿ ಇಟ್ಟುಕೊಂಡ ಎಲ್ಲರ ಕಂಪ್ಯೂಟರಿನಲ್ಲೂ ತಿದ್ದಬೇಕು. ಕದ್ದು ತಿದ್ದಲು ಆಗುವುದಿಲ್ಲ. ಒಂದೇ ಜಾಗವನ್ನು ಇಬ್ಬರಿಗೆ ಮಾರುವುದು, ರಾತ್ರೋರಾತ್ರಿ ತಂಡಪೇರಿನಲ್ಲಿ (ವಿಲೇಜ್ ಆಫೀಸಿನ ಜಾಗದ ಒಡೆಯರ ಲೆಕ್ಕದಲ್ಲಿ) ಹೆಸರು ಬದಲಾಗುವುದು, ಇದೆಲ್ಲ ನಿಲ್ಲುತ್ತದೆ.

ವಿದ್ಯಾನಗರ_ವಕೀಲೆ
ಕೋರ್ಟ್ ಏನು ಹೇಳಿತು ಅನ್ನುವುದನ್ನು ಮೊದಲು ಸರಿಯಾಗಿ ಇಟ್ಟುಕೊಳ್ಳೋಣ. ಅದು 2025ರ ನವೆಂಬರ್ ತೀರ್ಪು, ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರಿದ್ದ ಪೀಠ. ಪ್ರಕರಣ ಬಿಹಾರದ್ದು. ಮಾರುವವನ ಹೆಸರಿಗೆ ಮ್ಯುಟೇಶನ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿರುವುದಕ್ಕೆ ಪುರಾವೆ ತಂದರೆ ಮಾತ್ರ ನೋಂದಣಿ ಅಂತ ಅಲ್ಲಿ ನಿಯಮ ಮಾಡಿದ್ದರು. ಕೋರ್ಟ್ ಅದನ್ನು ರದ್ದು ಮಾಡಿತು. ಬ್ಲಾಕ್‌ಚೈನ್ ತನ್ನಿ ಅಂತ ಆದೇಶ ಕೊಟ್ಟಿಲ್ಲ. ಅಂಥ ತಂತ್ರಜ್ಞಾನದಿಂದ ನೋಂದಣಿಯನ್ನೂ ಹಕ್ಕನ್ನೂ ಒಂದುಗೂಡಿಸಲು ಸಾಧ್ಯವಾ ಅಂತ ಕಾನೂನು ಆಯೋಗ ಪರಿಶೀಲಿಸಲಿ ಅಂದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ತಮಿಳುನಾಡಿನ 55ಎ ನಿಯಮವನ್ನೂ ಹೊಡೆದುಹಾಕಿತ್ತು. ಅಲ್ಲೂ ಮೂಲ ವಿಷಯ ಇದೇ: ಮಾರುವವನಿಗೆ ಹಕ್ಕು ಉಂಟಾ ಇಲ್ಲವಾ ಅಂತ ತೀರ್ಮಾನಿಸುವುದು ಸಬ್ ರಿಜಿಸ್ಟ್ರಾರ್ ಕೆಲಸ ಅಲ್ಲ.

ಜನರಿಗೆ ಇದು ತಿಳಿಯುವುದೇ ಇಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಆಗುವುದು ಕಾಗದ, ಒಡೆತನ ಅಲ್ಲ. ಒಡೆತನದ ಬಗ್ಗೆ ಸರ್ಕಾರ ಜವಾಬ್ದಾರಿ ತಗೊಳ್ಳುವುದಿಲ್ಲ. ಕಾಗದವನ್ನು ಬ್ಲಾಕ್‌ಚೈನಿಗೆ ಹಾಕಿದರೂ ಈ ಸ್ಥಿತಿ ಹಾಗೆಯೇ ಇರುತ್ತದೆ.

ನೀರ್ಚಾಲು_ಅಡಿಕೆ
ಮಣ್ಣಿನಲ್ಲಿ ಗಡಿ ಕಲ್ಲು ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುವುದು ಮಾರಾಯ್ರೇ?

ಕುಂಬಳೆ_ಕೋಡರ್
@ನೀರ್ಚಾಲು_ಅಡಿಕೆ ಅದು ಸರ್ವೆ ಇಲಾಖೆಯ ಕೆಲಸ. ಅಳತೆ ಸರಿಯಾಗಿ ಆಗಿ ಒಮ್ಮೆ ಒಳಗೆ ಹೋದರೆ ಆಮೇಲೆ ಯಾರೂ ಮುಟ್ಟಲು ಆಗಬಾರದು, ಅಷ್ಟೇ ನಾನು ಹೇಳುವುದು.

ಹಳೆಯ_ವಿಲೇಜ್_ಆಫೀಸರ್
ಆ "ಸರಿಯಾಗಿ ಆಗಿ" ಅನ್ನುವುದರ ಒಳಗೇ ಎಲ್ಲ ಉಂಟು. ನಾನು ಕಂದಾಯ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತ. ಕೇರಳದಲ್ಲಿ ರೀಸರ್ವೆ ಶುರುವಾದದ್ದು 1966ರಲ್ಲಿ. ಮುಗಿಯಲೇ ಇಲ್ಲ. ಮಧ್ಯದಲ್ಲಿ ನಿಂತಿತು, ಮತ್ತೆ ಶುರುವಾಯಿತು, ಆಕ್ಷೇಪಣೆ ಬಂತು, ಮತ್ತೆ ನಿಂತಿತು. 2022ರ ನವೆಂಬರ್ 1ರಿಂದ ಡಿಜಿಟಲ್ ಸರ್ವೆ ಅಂತ ಹೊಸದಾಗಿ ಹಿಡಿದರು. ಈಗ ಸರಪಳಿ ಎಳೆಯುವುದಲ್ಲ, ಉಪಗ್ರಹದ ಸಿಗ್ನಲ್ ಹಿಡಿಯುವ ಯಂತ್ರ ಇಟ್ಟು ಬಿಂದು ಗುರುತಿಸುತ್ತಾರೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. "ಎಂಟೆ ಭೂಮಿ" ಪೋರ್ಟಲ್ 2024ರ ಅಕ್ಟೋಬರ್‌ನಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರುಳುವಾರು ವಿಲೇಜಿನಲ್ಲಿ. ಅದರಲ್ಲಿ ನೋಂದಣಿ ಇಲಾಖೆಯ ಪರ್ಲ್, ಕಂದಾಯದ ರೆಲಿಸ್, ಸರ್ವೆಯ ಇ-ಮ್ಯಾಪ್ಸ್ ಮೂರನ್ನೂ ಜೋಡಿಸಿದ್ದಾರೆ. ಮೊದಲು ಏನಾಗುತ್ತಿತ್ತು ಅಂದರೆ, ರಿಜಿಸ್ಟ್ರಿ ಒಂದು ಕಡೆ, ಪೋಕುವರವು (ಅಂದರೆ ಮ್ಯುಟೇಶನ್) ಇನ್ನೊಂದು ಕಡೆ, ನಕ್ಷೆ ಮತ್ತೊಂದು ಕಡೆ. ಮೂರೂ ಒಂದಕ್ಕೊಂದು ತಾಳೆ ಆಗುತ್ತಿರಲಿಲ್ಲ. ನೀವು ಅರ್ಧ ಜಾಗ ಮಾರಿದರೆ ಆ ಅರ್ಧದ ಸ್ಕೆಚ್ ಆಧಾರ ಬರೆಯುವ ಮೊದಲೇ ಆಗಿರಬೇಕು, ಆಮೇಲೆ ನೋಂದಣಿ, ಅದರ ಹಿಂದೆಯೇ ಪೋಕುವರವು. ಈ ಸರಣಿ ಸರಿಯಾದರೆ ಮುಕ್ಕಾಲು ತಕರಾರು ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಬ್ಲಾಕ್‌ಚೈನ್ ಬೇಕಿಲ್ಲ, ಮೂರು ಇಲಾಖೆ ಒಂದೇ ಪುಟ ನೋಡಬೇಕು.

ನೆಲ್ಲಿಕುಂಜೆ_ಗಲ್ಫ್
ಅಳತೆಯದ್ದು ಇರಲಿ, ನಮ್ಮ ಕಷ್ಟ ಬೇರೆ. ನಾವು ಹೊರದೇಶದಲ್ಲಿ ಇರುವವರು. ನಮ್ಮ ಹತ್ತಿರದ ಸಂಬಂಧಿಯೊಬ್ಬರ ಜಾಗವನ್ನು ಹಳೆಯ ಪವರ್ ಆಫ್ ಅಟಾರ್ನಿ ಹಿಡಿದುಕೊಂಡು ಬೇರೆಯವರು ಮಾರಿಬಿಟ್ಟರು. ಇವರು ಅದನ್ನು ರದ್ದು ಮಾಡಿದ್ದರು, ಆದರೆ ರಿಜಿಸ್ಟ್ರಿಯಲ್ಲಿ ಕೂತವರಿಗೆ ಅದು ಕಾಣಲಿಲ್ಲ. ಊರಿಗೆ ಬಂದು ನೋಡಿದರೆ ಜಾಗಕ್ಕೆ ಬೇಲಿ ಬಿದ್ದಿತ್ತು. ಈಗ ಕೋರ್ಟಿನಲ್ಲಿ ಉಂಟು.

ನಮಗೆ ಬೇಕಾದದ್ದು ಇಷ್ಟು. ನನ್ನ ಜಾಗದ ಮೇಲೆ ಏನೇ ಆದರೂ, ಯಾರಾದರೂ ಕುಡಿಕಡ (ಋಣಭಾರ ಪತ್ರ, ಇಸಿ) ತೆಗೆದರೂ, ನನ್ನ ಫೋನಿಗೆ ಬರಬೇಕು. ನಾನು ಒಪ್ಪದೆ ಮುಂದೆ ಹೋಗಬಾರದು. ಬ್ಲಾಕ್‌ಚೈನ್ ಇದನ್ನು ಕೊಡುತ್ತದಾದರೆ ನಾನು ನಾಳೆಯೇ ಸಹಿ ಹಾಕುತ್ತೇನೆ.

ಕುಂಬಳೆ_ಕೋಡರ್
ಕೊಡುತ್ತದೆ. ಒಡೆಯನ ಡಿಜಿಟಲ್ ಸಹಿ ಇಲ್ಲದೆ ವರ್ಗಾವಣೆ ಆಗದ ಹಾಗೆ ನಿಯಮ ಬರೆಯಬಹುದು. ಸ್ವೀಡನ್ನಿನ ಭೂದಾಖಲೆ ಇಲಾಖೆ 2016ರಿಂದ ಇದನ್ನು ಪ್ರಯೋಗ ಮಾಡಿತು, ಮಾರುವವ, ತಗೊಳ್ಳುವವ, ಬ್ಯಾಂಕ್, ಇಲಾಖೆ ಎಲ್ಲರೂ ಒಂದೇ ಸರಪಳಿಯಲ್ಲಿ. ಜಾರ್ಜಿಯಾ ದೇಶವೂ ಅದೇ ವರ್ಷ ಶುರುಮಾಡಿ ಲಕ್ಷಗಟ್ಟಲೆ ದಾಖಲೆಗಳ ಹ್ಯಾಶನ್ನು ಬಿಟ್‌ಕಾಯಿನ್ ಸರಪಳಿಗೆ ಹಾಕಿದೆ. 2017ರಲ್ಲಿ ಆಂಧ್ರದ ಅಮರಾವತಿಯಲ್ಲೂ ಮಾಡುತ್ತೇವೆ ಅಂದಿದ್ದರು.

ಬಂದ್ಯೋಡು_ಓದುಗ
@ಕುಂಬಳೆ_ಕೋಡರ್ ಹೊಂಡುರಾಸ್ ಹೆಸರು ಬಿಟ್ಟಿರಲ್ಲ. 2015ರಲ್ಲಿ ಅಲ್ಲಿ ದೊಡ್ಡದಾಗಿ ಘೋಷಣೆ ಆಯಿತು, ಆಮೇಲೆ ಅಲ್ಲಿಗೇ ನಿಂತಿತು. ಸ್ವೀಡನ್ನಿನದ್ದೂ ಪ್ರಯೋಗವಾಗಿಯೇ ಉಳಿಯಿತು. ಜಾರ್ಜಿಯಾದಲ್ಲಿ ಯಾಕೆ ನಡೆಯಿತು ಅಂದರೆ, ಅವರು 2004ರಲ್ಲೇ ಇಡೀ ನೋಂದಣಿ ವ್ಯವಸ್ಥೆಯನ್ನು ಒಂದೇ ಸಂಸ್ಥೆಗೆ ತಂದು, ಆಮೇಲೆ ಕಾಗದಗಳ ಗಣಕೀಕರಣ ಮಾಡಿದ್ದರು. ಬ್ಲಾಕ್‌ಚೈನ್ ಬಂದದ್ದು ಅದರ ಮೇಲೆ. ಶುದ್ಧವಾದ ದಾಖಲೆಗೆ ಬೀಗ ಹಾಕಿದರು. ನಮ್ಮಲ್ಲಿ ಮೊದಲು ದಾಖಲೆ ಶುದ್ಧ ಆಗಬೇಕಲ್ಲವಾ?

ಕುಂಬಳೆ_ಕೋಡರ್
ಶುದ್ಧ ಆಗುವವರೆಗೆ ಕಾದರೆ ಇನ್ನೊಂದು 60 ವರ್ಷ ಬೇಕು. ಅಷ್ಟರಲ್ಲಿ ತಿದ್ದುವವರು ತಿದ್ದುತ್ತಲೇ ಇರುತ್ತಾರೆ. ಇವತ್ತು ಇರುವ ಸ್ಥಿತಿಯಲ್ಲೇ ಹ್ಯಾಶ್ ಹಾಕಿ ಇಟ್ಟರೆ, ಇವತ್ತಿನ ನಂತರ ಯಾರು ಏನು ಬದಲಿಸಿದರು ಅಂತಾದರೂ ಗೊತ್ತಾಗುತ್ತದೆ.

ಹೊಸಂಗಡಿ_ಟೀಚರ್
ಇವತ್ತಿನ ಸ್ಥಿತಿಯಲ್ಲೇ ಬೀಗ ಹಾಕುವುದು ಅಂದರೆ ನಮ್ಮ ಹೆಸರಿನ ತಪ್ಪುಗಳಿಗೂ ಬೀಗ ಬಿದ್ದ ಹಾಗೆ. ಇದು ಗಡಿನಾಡಿನವರಿಗೆ ಮಾತ್ರ ಅರ್ಥ ಆಗುವ ನೋವು. ಹಳೆಯ ಆಧಾರ ಕನ್ನಡದಲ್ಲಿ, ಆಮೇಲಿನದ್ದು ಮಲಯಾಳಂನಲ್ಲಿ, ಆಧಾರ್ ಕಾರ್ಡ್ ಇಂಗ್ಲಿಷಿನಲ್ಲಿ. ಒಬ್ಬರೇ ಮನುಷ್ಯ ಮೂರು ಕಡೆ ಮೂರು ಹೆಸರಿನವರಾಗುತ್ತಾರೆ. ಮನೆಹೆಸರು ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. "ಶೆಟ್ಟಿ", "ರೈ" ಬಿಟ್ಟುಹೋಗಿರುತ್ತದೆ. ನಮ್ಮ ಮಾವನವರಿಗೆ ತಾನೇ ತಾನು ಅಂತ ಅಫಿಡವಿಟ್ ಮಾಡಿಸಬೇಕಾಯಿತು.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕಾಸರಗೋಡಿನ ಕನ್ನಡಿಗರು ಇಲ್ಲಿನ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ ಉಂಟು. ಹೊಸ ಪೋರ್ಟಲ್ ಮಾಡುವಾಗ ಈ ಹಕ್ಕನ್ನು ಮೊದಲ ದಿನದಿಂದಲೇ ಒಳಗೆ ತರಬೇಕು. ಹಳೆ ಕನ್ನಡ ಆಧಾರ ಓದಲು ಬರುವವರು ರಿಜಿಸ್ಟ್ರಿಯಲ್ಲಿ ಇರಬೇಕು. ಹ್ಯಾಶ್ ಹಾಕುವ ಮೊದಲು ಮನೆಯವರಿಗೆ ತೋರಿಸಿ, ಹೆಸರು ಸರಿ ಉಂಟಾ ಅಂತ ಕೇಳಿ, ಸಹಿ ತಗೊಳ್ಳಿ. ಇಷ್ಟು ಮಾಡದೆ ಮುಂದೆ ಹೋದರೆ ನಾನು ಖಂಡಿತ ವಿರೋಧಿಸುತ್ತೇನೆ.

ನೀರ್ಚಾಲು_ಅಡಿಕೆ
ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ತೋಟದ ಪಕ್ಕದ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತಗೊಳ್ಳುವ ನಮ್ಮ ಕುಮ್ಕಿ ಹಕ್ಕಿನ ಕಥೆಯೂ ಹಾಗೇ. ದಕ್ಷಿಣ ಕನ್ನಡದ ಕಾಲದಿಂದ ಬಂದದ್ದು, ಇಲ್ಲಿನವರಿಗೆ ವಿವರಿಸುವುದೇ ಕಷ್ಟ.

ಮಂಗಳೂರು_ಬಿಜೈ
ಕುಮ್ಕಿ ಬೇಡ ಸ್ವಾಮಿ, ಅದು ತೋಟದ ವಿಷಯ, ಇಲ್ಲಿ ಪೇಟೆ ಜಾಗದ ಮಾತು. ನಮ್ಮ ಮಂಗಳೂರಿನಲ್ಲಿ ಯುಪಿಒಆರ್ ಅಂತ ತಂದರು, ಪ್ರತಿ ಆಸ್ತಿಗೂ ಪ್ರಾಪರ್ಟಿ ಕಾರ್ಡ್. ಒಳ್ಳೆಯ ಯೋಚನೆ. ಆದರೆ ಕಾರ್ಡ್ ಸಿಗಲು ಜನ ಪರದಾಡಿದರು. ಈಗ ಇ-ಖಾತೆ. ಕರ್ನಾಟಕದಲ್ಲಿ 2023ರಿಂದ ಕಾವೇರಿ 2.0 ಉಂಟು, ನೋಂದಣಿಗೆ ಮನೆಯಿಂದಲೇ ಅರ್ಜಿ ತುಂಬಿಸಬಹುದು. ಕೇಂದ್ರದವರು 2025ರ ಫೆಬ್ರವರಿಯಲ್ಲಿ ನಕ್ಷಾ ಅಂತ ಪೇಟೆಗಳ ಸರ್ವೆ ಶುರುಮಾಡಿದ್ದಾರೆ, ದೇಶದ 152 ಪಟ್ಟಣಗಳಲ್ಲಿ ಪ್ರಾಯೋಗಿಕವಾಗಿ. ಡ್ರೋನ್, ವಿಮಾನದಿಂದ ಫೋಟೋ ತೆಗೆದು ನಕ್ಷೆ. ಹೊಲಕ್ಕೆ ಬ್ರಿಟಿಷರ ಕಾಲದಿಂದ ನಕ್ಷೆ ಉಂಟು, ಪೇಟೆಯ ಮನೆಗಳಿಗೆ ಅನೇಕ ಕಡೆ ಸರಿಯಾದ ನಕ್ಷೆಯೇ ಇಲ್ಲ. ಅಪಾರ್ಟ್‌ಮೆಂಟ್ ಬಂದ ಮೇಲಂತೂ ಒಂದೇ ನೆಲದ ಮೇಲೆ 40 ಒಡೆಯರು.

ಬಂದ್ಯೋಡು_ಓದುಗ
ಅದಿರಲಿ, ಕೇರಳದಲ್ಲಿ ಸ್ಟಾಂಪ್ ಡ್ಯೂಟಿ 8%, ನೋಂದಣಿ ಶುಲ್ಕ 2%. ಒಟ್ಟು 10%. ಪೇಟೆಯಲ್ಲಿ ಸೆಂಟ್ಸಿಗೆ ಇಷ್ಟು ಬೆಲೆ ಇರುವಾಗ ಯಾರು ಪೂರ್ತಿ ಮೊತ್ತ ಬರೆಸುತ್ತಾರೆ? ಫೇರ್ ವ್ಯಾಲ್ಯೂ (ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ಹಿಡಿದು ಆಧಾರ ಬರೆಸುತ್ತಾರೆ, ಉಳಿದದ್ದು ಕೈಯಲ್ಲಿ. ಬ್ಲಾಕ್‌ಚೈನ್ ಒಳಗೆ ಹೋಗುವುದು ಆ ಕಡಿಮೆ ಮೊತ್ತವೇ.

ಮಂಗಳೂರು_ಬಿಜೈ
ಕರ್ನಾಟಕದಲ್ಲೂ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1%ರಿಂದ 2% ಮಾಡಿದ್ದಾರೆ.

ಕುಂಬಳೆ_ಕೋಡರ್
ವಿಷಯ ತೆರಿಗೆ ಕಡೆ ಹೋಗುತ್ತಾ ಇದೆ, ದಯವಿಟ್ಟು ವಾಪಸ್ ಬನ್ನಿ.

ವಿದ್ಯಾನಗರ_ವಕೀಲೆ
ವಾಪಸ್ ಬರುತ್ತೇನೆ, ಮತ್ತು ಇದು ನನ್ನ ಮುಖ್ಯ ಮಾತು. ಒಡೆತನ ಬದಲಾಗಲು ಎಲ್ಲ ಸಲ ಕಾಗದ ಬೇಕಿಲ್ಲ. ಮನುಷ್ಯ ತೀರಿಕೊಂಡ ಕ್ಷಣವೇ ಹಕ್ಕು ವಾರಸುದಾರರಿಗೆ ಹೋಗುತ್ತದೆ. ಯಾವ ರಿಜಿಸ್ಟ್ರಿಯಲ್ಲೂ ನಮೂದು ಆಗಿರುವುದಿಲ್ಲ. ಹಿಂದೂಗಳಿಗೆ ಒಂದು ಕಾನೂನು, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನಿನ ಪಾಲು, ಕ್ರೈಸ್ತರಿಗೆ ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಅಳಿಯಸಂತಾನದ ಕುಟುಂಬಗಳೂ ಉಂಟು. 1975ರ ಕೇರಳ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ ಬಂದಾಗ ಆ ಆಸ್ತಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಲು ಹುಟ್ಟಿತು, ಆದರೆ ಎಷ್ಟೋ ಮನೆಗಳಲ್ಲಿ ಪಾಲುಪಟ್ಟಿ ಇವತ್ತಿಗೂ ಆಗಿಲ್ಲ. ತಂಡಪೇರು ತೀರಿಹೋದ ಯಜಮಾನರ ಹೆಸರಲ್ಲೇ ಉಂಟು. ಇನ್ನು 1963ರ ಪರಿಮಿತಿ ಕಾಯ್ದೆ ಪ್ರಕಾರ 12 ವರ್ಷ ಬಹಿರಂಗವಾಗಿ, ಒಡೆಯನಿಗೆ ವಿರುದ್ಧವಾಗಿ ಸ್ವಾಧೀನದಲ್ಲಿ ಕೂತವನಿಗೆ ಹಕ್ಕು ಬರಬಹುದು. ಇದು ಯಾವ ಸರಪಳಿಗೂ ಕಾಣುವುದಿಲ್ಲ.

ಹಾಗಾಗಿ ಬ್ಲಾಕ್‌ಚೈನಿನಲ್ಲಿ "ಇವರೇ ಒಡೆಯ" ಅಂತ ಬಂದರೂ ಸಿವಿಲ್ ಕೋರ್ಟಿನಲ್ಲಿ ಅದು ಒಂದು ಪುರಾವೆ ಮಾತ್ರ. ಬೇಕಾಗಿರುವುದು ಸರ್ಕಾರ ಹಕ್ಕಿಗೆ ಗ್ಯಾರಂಟಿ ಕೊಡುವ ಕಾನೂನು. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ತಂದದ್ದು ಅದೇ ಪದ್ಧತಿ. ದಾಖಲೆಯಲ್ಲಿ ಇದ್ದವನೇ ಒಡೆಯ, ತಪ್ಪಾದರೆ ನಷ್ಟ ಕಟ್ಟಿಕೊಡುವುದು ಸರ್ಕಾರ. ನಮ್ಮ ದೇಶದಲ್ಲಿ ರಾಜಸ್ಥಾನ 2016ರಲ್ಲಿ ಪೇಟೆ ಜಾಗಗಳಿಗೆ ಹಕ್ಕು ಪ್ರಮಾಣೀಕರಿಸುವ ಕಾಯ್ದೆ ಮಾಡಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಟೊರೆನ್ಸ್ ಸಾಧಿಸಿದ್ದು ಹೊಣೆ ಹೊರುವ ಮನಸ್ಸಿದ್ದದ್ದರಿಂದ.

ಕುಂಬಳೆ_ಕೋಡರ್
ಮೇಡಂ, ವಾರಸುದಾರಿಕೆಯ ಮಾತು ಒಪ್ಪಿದೆ. ಆದರೆ ಮರಣ ನೋಂದಣಿಯೂ ಸರ್ಕಾರದ್ದೇ ಅಲ್ಲವಾ? ಒಡೆಯ ತೀರಿಹೋದರೆ ಆ ಜಾಗದ ದಾಖಲೆ ತಾನಾಗಿ ತಡೆಹಿಡಿಯುವ ಹಾಗೆ ಜೋಡಿಸಬಹುದು. ವಾರಸುದಾರರು ಬಂದು ಸರಿಮಾಡಿದ ಮೇಲೆ ಮುಂದೆ. 2022ರಿಂದ ಕೇರಳದಲ್ಲಿ ಯೂನೀಕ್ ತಂಡಪೇರ್ ಉಂಟು, ಒಬ್ಬರ ಎಲ್ಲ ಜಾಗವೂ ಆಧಾರ್ ಮೂಲಕ ಒಂದೇ ನಂಬ್ರಕ್ಕೆ. ಅಡಿಪಾಯ ಇದ್ದೇ ಉಂಟು.

ವಿದ್ಯಾನಗರ_ವಕೀಲೆ
ಆ ತಡೆಹಿಡಿಯುವ ಯೋಚನೆ ಒಳ್ಳೆಯದು. ಅದನ್ನು ಇವತ್ತಿನ ವ್ಯವಸ್ಥೆಯಲ್ಲೇ ಮಾಡಬಹುದು.

ನಾರಾಯಣಪೇಟೆ_ಸೊಸೆ
ನನ್ನ ತವರು ಮುಳ್ಳೇರಿಯ, ಗಂಡನ ಮನೆ ತೆಲಂಗಾಣದ ಗಡಿಯಲ್ಲಿ. ಅಲ್ಲಿ 2020ರಲ್ಲಿ ಧರಣಿ ಪೋರ್ಟಲ್ ಬಂತು. ಹೊಲದ ನೋಂದಣಿ, ಮ್ಯುಟೇಶನ್ ಒಂದೇ ದಿನ ಒಂದೇ ಕಡೆ. ವೇಗ ನಿಜ. ಆದರೆ ಹಳೆ ದಾಖಲೆಯ ತಪ್ಪು ಅದರೊಳಗೆ ಹಾಗೇ ಕೂತಿತು, ಮತ್ತು ಸರಿಮಾಡಿಸುವ ದಾರಿ ಬಹಳ ಇಕ್ಕಟ್ಟಾಗಿತ್ತು. ನಮ್ಮ ಮಾವ ಉಳುತ್ತಿದ್ದ ಹೊಲ ಮಾರಬಾರದ ಜಾಗಗಳ ನಿಷೇಧಿತ ಪಟ್ಟಿಗೆ ಸೇರಿಬಿಟ್ಟಿತು. ತಹಶೀಲ್ದಾರ್ ಹತ್ತಿರ ಹೋದರೆ ನನ್ನ ಕೈಯಲ್ಲಿ ಇಲ್ಲ ಅಂದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಸರ್ಕಾರ ಅದರ ಜಾಗಕ್ಕೆ ಭೂ ಭಾರತಿ ತಂದಿತು. ಧರಣಿ ಬ್ಲಾಕ್‌ಚೈನ್ ಅಲ್ಲ ಅಂತ ಗೊತ್ತು. ಆದರೆ ತಿದ್ದಲು ಆಗದ ದಾಖಲೆ ಅಂದ ಕೂಡಲೇ ನಮಗೆ ಹೆದರಿಕೆ ಆಗುವುದು ಇದಕ್ಕೇ.

ಕುಂಬಳೆ_ಕೋಡರ್
@ನಾರಾಯಣಪೇಟೆ_ಸೊಸೆ ನಿಮ್ಮ ಹೆದರಿಕೆ ಅರ್ಥ ಆಗುತ್ತದೆ ಅಕ್ಕ. ಆದರೆ ಬ್ಲಾಕ್‌ಚೈನಿನಲ್ಲಿ ತಿದ್ದುಪಡಿ ಆಗುತ್ತದೆ. ಹಳೆಯ ನಮೂದು ಅಳಿಸುವುದಿಲ್ಲ, ಅದರ ಮೇಲೆ ಹೊಸ ನಮೂದು ಬರುತ್ತದೆ: ಇಂಥ ದಿನ, ಇಂಥ ಅಧಿಕಾರಿ, ಇಂಥ ಆದೇಶದ ಮೇಲೆ ಸರಿಪಡಿಸಿದರು ಅಂತ. ಯಾರು ತಿದ್ದಿದ್ದು ಅಂತ ಎಂದೆಂದಿಗೂ ಕಾಣುತ್ತದೆ. ತಿದ್ದುವ ಅಧಿಕಾರ ಯಾರಿಗೆ, ಎಷ್ಟು ದಿನದೊಳಗೆ, ಇದನ್ನು ಬರೆಯಬೇಕಾದದ್ದು ಕಾನೂನಿನಲ್ಲಿ.

ಬಂದ್ಯೋಡು_ಓದುಗ
ಸರಿ, ಪ್ರತಿ ಇಟ್ಟುಕೊಳ್ಳುವವರು ಯಾರು? ಎಲ್ಲ ಕಂಪ್ಯೂಟರೂ ಒಂದೇ ಇಲಾಖೆಯ ಒಂದೇ ಕೋಣೆಯಲ್ಲಿ ಇದ್ದರೆ ಅದಕ್ಕೆ ಬ್ಲಾಕ್‌ಚೈನ್ ಅಂತ ಹೆಸರು ಯಾಕೆ? ಅವರೇ ಎಲ್ಲವನ್ನೂ ಒಟ್ಟಿಗೆ ಬದಲಿಸಬಹುದಲ್ಲ. ನಮ್ಮ ದೇಶದಲ್ಲಿ ಬರುವ ಯೋಜನೆಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದು.

ಕುಂಬಳೆ_ಕೋಡರ್
ಇದು ಸರಿಯಾದ ಪ್ರಶ್ನೆ. ನೋಂದಣಿ, ಕಂದಾಯ, ಸರ್ವೆ, ನಗರಸಭೆ, ಜಿಲ್ಲಾ ಕೋರ್ಟ್, ಸಾಲ ಕೊಡುವ ಬ್ಯಾಂಕುಗಳು, ಎಲ್ಲರ ಹತ್ತಿರ ಒಂದೊಂದು ಪ್ರತಿ ಇರಬೇಕು. ಒಬ್ಬರು ತಿದ್ದಿದರೆ ಉಳಿದವರ ಪ್ರತಿ ಒಪ್ಪುವುದಿಲ್ಲ. ಹಾಗೆ ಮಾಡದಿದ್ದರೆ ನಿಮ್ಮ ಆಕ್ಷೇಪ ನಿಲ್ಲುತ್ತದೆ.

ಬಂದ್ಯೋಡು_ಓದುಗ
ಅಥವಾ ಇನ್ನೂ ಸುಲಭದ ದಾರಿ ಉಂಟು. ಹೇಬರ್ ಮತ್ತು ಸ್ಟಾರ್ನೆಟ್ಟಾ ಅಂತ ಇಬ್ಬರು 1991ರಲ್ಲೇ ಹ್ಯಾಶ್ ಸರಪಳಿಯ ಯೋಚನೆ ಬರೆದರು, ಬಿಟ್‌ಕಾಯಿನ್ ಬಂದದ್ದು 2009ರಲ್ಲಿ. 1995ರಿಂದ ಅವರ ಕಂಪನಿ ವಾರಕ್ಕೊಮ್ಮೆ ಒಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಿತ್ತು. ಲಕ್ಷಾಂತರ ಮನೆಗೆ ಹೋದ ಪೇಪರನ್ನು ಯಾರು ತಿದ್ದುತ್ತಾರೆ? ನಮ್ಮ ನೋಂದಣಿ ಇಲಾಖೆ ಪ್ರತಿ ವಾರ ಜಿಲ್ಲೆಯ ಎಲ್ಲ ದಾಖಲೆಗಳ ಒಟ್ಟು ಹ್ಯಾಶನ್ನು ಗೆಜೆಟಿನಲ್ಲೋ ಊರಿನ ಪತ್ರಿಕೆಯಲ್ಲೋ ಹಾಕಲಿ. ಅರ್ಧ ಸಾಲು ಜಾಗ ಸಾಕು. ಕೋಟಿಗಟ್ಟಲೆ ಟೆಂಡರ್ ಬೇಕಿಲ್ಲ.

ನೆಲ್ಲಿಕುಂಜೆ_ಗಲ್ಫ್
ಇದು ಇಷ್ಟ ಆಯಿತು. ಆದರೆ ನನ್ನ ಫೋನಿಗೆ ಮೆಸೇಜ್ ಬರುವುದೂ ಬೇಕು.

ತಾಳಿಪಡ್ಪು_ಮನೆ
ಎಲ್ಲರಿಗೂ ಧನ್ಯವಾದ, ತುಂಬ ತಿಳಿಯಿತು. ಸದ್ಯಕ್ಕೆ ನಾನು ಎಂತ ಮಾಡಬೇಕು ಅಂತ ಯಾರಾದರೂ ಹೇಳುತ್ತೀರಾ?

ವಿದ್ಯಾನಗರ_ವಕೀಲೆ
ಮೊದಲು ವಾರಸುದಾರ ಸರ್ಟಿಫಿಕೇಟ್ ಮಾಡಿಸಿ, ಎಲ್ಲರ ಹೆಸರಿಗೆ ಪೋಕುವರವು ಆಗಲಿ. ದುಬೈ ತಮ್ಮನವರು ಪವರ್ ಆಫ್ ಅಟಾರ್ನಿಯನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಮಾಡಲಿ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಹಾಕಿಸಬೇಕು, ಇದನ್ನು ಮರೆತವರು ಬಹಳ. ಈ ಜಾಗದ ಮಾರಾಟಕ್ಕೆ ಮಾತ್ರ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆಸಿ, ಸಾರಾಸಗಟು ಅಧಿಕಾರ ಕೊಡಬೇಡಿ. ಬರೀ ಪವರ್ ಆಫ್ ಅಟಾರ್ನಿ ಮೇಲೆ ಜಾಗ ಕೈ ಬದಲಾದರೆ ಹಕ್ಕು ತಗೊಂಡವನಿಗೆ ಸೇರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕ್ರಯದ ಆಧಾರ ನೋಂದಣಿ ಆಗಲೇಬೇಕು.

ಹಳೆಯ_ವಿಲೇಜ್_ಆಫೀಸರ್
ವಿಸ್ತೀರ್ಣದ್ದು ನಾನು ಹೇಳುತ್ತೇನೆ. ರೀಸರ್ವೆ ತಪ್ಪು ಸರಿಪಡಿಸಲು ಅರ್ಜಿ ಕೊಡಿ, ಜೊತೆಗೆ ಮುನ್ನಾಧಾರದ ಪ್ರತಿ ಇರಲಿ. ಅಳತೆಗೆ ಬರುವ ದಿನ ಪಕ್ಕದವರನ್ನೂ ಕರೆಯಿರಿ, ಅವರ ಜಾಗದ ಲೆಕ್ಕವನ್ನೂ ನೋಡಿ. ಒಬ್ಬರಿಗೆ ಕಡಿಮೆ ಆಗಿದ್ದರೆ ಅನೇಕ ಸಲ ಆಚೆಯವರಿಗೆ ಅಥವಾ ರಸ್ತೆಗೆ ಸೇರಿರುತ್ತದೆ. ಪಕ್ಕದವರಿಗೂ ಆಧಾರದ ಪ್ರಕಾರವೇ ಇದ್ದು ನಿಮ್ಮಲ್ಲಿ ಮಾತ್ರ ಕಡಿಮೆ ಬಂದರೆ ರಸ್ತೆ ಅಗಲ ಆದ ಹಳೇ ಕಡತ ಕೇಳಿ. ಅಳತೆ ಸರಿಯಾಗುವವರೆಗೆ 10.4ಕ್ಕೆ ಮಾತ್ರ ಆಧಾರ ಬರೆಸಿ ಮಾರಿದರೆ, ಉಳಿದ 0.6 ಸೆಂಟ್ಸ್ ಯಾರದ್ದೂ ಅಲ್ಲದ ಹಾಗೆ ಕೂತು ಮುಂದಿನ ತಲೆಮಾರಿಗೆ ತಕರಾರು ಆಗುತ್ತದೆ.

ಇನ್ನು ಎಲ್ಲರಿಗೂ. ಡಿಜಿಟಲ್ ಸರ್ವೆ ಯಾವ ವಿಲೇಜಿನಲ್ಲಿ ಮುಗಿಯುತ್ತದೋ ಅಲ್ಲಿ ಕರಡು ದಾಖಲೆಯನ್ನು ಜನರ ನೋಟಕ್ಕೆ ಇಡುತ್ತಾರೆ, ಆಕ್ಷೇಪಣೆಗೆ ಸಮಯವೂ ಕೊಡುತ್ತಾರೆ. ನಮ್ಮವರು ಹೋಗುವುದೇ ಇಲ್ಲ. ಮನೆಯಲ್ಲಿ ವಯಸ್ಸಾದವರು ಮಾತ್ರ, ಮಕ್ಕಳು ಹೊರಗೆ. ಹೋಗಿ ನಿಮ್ಮ ಹೆಸರು, ಅಳತೆ, ಮೂಲೆಗಳನ್ನು ನೋಡಿ. ಬರಲು ಆಗದವರು ಪೋರ್ಟಲಿನಲ್ಲಿ ನೋಡಿ.

ಹೊಸಂಗಡಿ_ಟೀಚರ್
ನಮ್ಮ ಕಡೆ ಕರಡು ಇಟ್ಟಾಗ ಮಲಯಾಳಂ ಓದಲು ಬಾರದ ಹಿರಿಯರ ಜೊತೆ ನಾನು ಬರುತ್ತೇನೆ. ಮಂಜೇಶ್ವರ, ಕುಂಬಳೆ ಕಡೆಯಿಂದ ಇನ್ನೂ ಯಾರಾದರೂ ಬರುತ್ತೀರಾ?

ಕುಂಬಳೆ_ಕೋಡರ್
ಶನಿವಾರ ಊರಲ್ಲಿ ಇರುತ್ತೇನೆ ಟೀಚರ್, ನನ್ನ ಹೆಸರು ಬರೆದುಕೊಳ್ಳಿ. ಲ್ಯಾಪ್‌ಟಾಪ್ ತರುತ್ತೇನೆ.